ಕ್ರಿಸ್ತ ಜಯಂತಿಯ ಉಡುಗೊರೆ – ಒಂದು ವಿಚಾರ

(2025ರ ಡಿಸೆಂಬರ್ 14, ಆಗಮನ ಕಾಲದ ಮೂರನೆಯ ಭಾನುವಾರದಂದು, ಶತಮಾನೋತ್ಸವದ ಅಂಗವಾಗಿ ನಮ್ಮ ದೇವಾಲಯದ ಸಭಾಂಗಣದಲ್ಲಿ ಜರುಗಿದ ಕುಟುಂಬ ಸಮ್ಮೇಳನದಲ್ಲಿ ವಿಚಾರಣಾ ಗುರುಗಳು ಮಾಡಿದ ಭಾಷಣ)



ಶತಮಾನೋತ್ಸವ ಸಮಿತಿಯವರು ಈ ಸಂಜೆ ನಾನು ನಮ್ಮ ದೇವಾಲಯದ ಚರಿತ್ರೆಯನ್ನು ಕುರಿತು ಮಾತನಾಡಬೇಕೆಂದು ಅಪೇಕ್ಷಿಸಿದ್ದರು. ಆ ಕಾರ್ಯಕ್ಕೆ ನನಗಿಂತ ಯೋಗ್ಯರಾದ ಹಿರಿಯರು ಇಲ್ಲಿಯೇ ಮುಂದಿನ ಸಾಲಿನಲ್ಲಿ ಕುಳಿತಿದ್ದಾರೆ. ಈ ಗೋಡೆಗಳಿಗೆ ಕಲ್ಲು ಹೊತ್ತವರ ಮಕ್ಕಳು ಅವರು. ನಾನಾದರೋ ಐದಾರು ವರ್ಷಗಳ ಹಿಂದೆ ವರ್ಗವಾಗಿ ಬಂದವನು. ಆದುದರಿಂದ ಚರಿತ್ರೆಯನ್ನು ಅವರಿಗೆ ಬಿಟ್ಟು, ನಾನು ಒಂದು ಚಿಕ್ಕ ವಿಷಯವನ್ನು ಆರಿಸಿಕೊಂಡಿದ್ದೇನೆ. ಜಯಂತಿಗೆ ಇನ್ನು ಹನ್ನೊಂದು ದಿನಗಳಿವೆ. ಪೇಟೆಯ ಅಂಗಡಿಗಳಲ್ಲಿ ನಕ್ಷತ್ರಗಳು ತೂಗುತ್ತಿವೆ. ಮನೆಮನೆಗಳಲ್ಲಿ ಯಾರಿಗೆ ಏನು ಕೊಡಬೇಕು, ಎಷ್ಟರಲ್ಲಿ ಕೊಡಬೇಕು ಎಂಬ ಲೆಕ್ಕಾಚಾರ ನಡೆದಿದೆ. ಆ ಲೆಕ್ಕಾಚಾರದ ಬಗ್ಗೆಯೇ ನಾನು ಮಾತನಾಡಬೇಕೆಂದಿದ್ದೇನೆ.

ಉಪದೇಶಕ್ಕೆ ಮೊದಲು ಒಂದು ತಪ್ಪೊಪ್ಪಿಗೆ. ಪಾಪನಿವೇದನೆಯ ಪೀಠದಲ್ಲಿ ಸದಾ ಆ ಬದಿಯಲ್ಲಿ ಕುಳಿತು ಕೇಳುವವನು ಒಮ್ಮೆ ಈ ಬದಿಗೆ ಬಂದು ಹೇಳಿದರೆ ನೀವು ಬೇಸರಪಡಲಾರಿರಿ.

2022ರ ಆಗಮನ ಕಾಲದಲ್ಲಿ ನಾನು ಧರ್ಮೋಪದೇಶ ತರಗತಿಯ ಮಕ್ಕಳಿಗಾಗಿ ‘ಕ್ರಿಸ್ಮಸ್ ಮಿತ್ರ’ ಎಂಬ ಏರ್ಪಾಡನ್ನು ಮಾಡಿದೆನಷ್ಟೆ. ಚೀಟಿ ಎತ್ತಬೇಕು, ಯಾರ ಹೆಸರು ಬರುವುದೋ ಅವರಿಗೆ ಗುಟ್ಟಾಗಿ ಒಂದು ಉಡುಗೊರೆಯನ್ನು ಸಿದ್ಧಪಡಿಸಿ, ಜಯಂತಿಯ ಬೆಳಗಿನ ಪೂಜೆಯಾದ ಮೇಲೆ ಇದೇ ಸಭಾಂಗಣದಲ್ಲಿ ಎಲ್ಲರೆದುರಿಗೆ ಕೊಡಬೇಕು. ಒಬ್ಬರದು ಹೆಚ್ಚು ಒಬ್ಬರದು ಕಡಿಮೆ ಆಗಬಾರದೆಂದು ಯೋಚಿಸಿ, ಬಹಳ ವಿವೇಕಿಯಂತೆ, ‘ಎಲ್ಲರೂ ಇನ್ನೂರು ರೂಪಾಯಿಗಳೊಳಗೆ, ಆದರೆ ನೂರೈವತ್ತಕ್ಕೆ ಕಡಿಮೆಯಾಗದಂತೆ’ ಎಂದು ಪೀಠದಿಂದಲೇ ಪ್ರಕಟಿಸಿದೆ. ಸಮಾನತೆಯ ಒಳ್ಳೆಯ ಪಾಠವಾಯಿತೆಂದು ನನ್ನ ಮನಸ್ಸಿನಲ್ಲಿ ಸ್ವಲ್ಪ ಹೆಮ್ಮೆಯೂ ಇತ್ತು.

ಜಯಂತಿಯ ದಿನ ಒಂದು ಕುಟುಂಬ ಬರಲಿಲ್ಲ. ನಡುರಾತ್ರಿಯ ಬಲಿಪೂಜೆಗೂ ಇಲ್ಲ, ಬೆಳಗಿನ ಪೂಜೆಗೂ ಇಲ್ಲ. ತೋಟದ ಲೈನಿನಲ್ಲಿ ವಾಸಿಸುವವರು; ಎಂದೂ ಪೂಜೆ ತಪ್ಪಿಸಿದವರಲ್ಲ. ಅಸ್ವಸ್ಥರಿರಬೇಕೆಂದು ಭಾವಿಸಿ, ಡಿಸೆಂಬರ್ 28ರಂದು, ಅಮಾಯಕ ಶಿಶುಗಳ ಸ್ಮರಣೆಯ ದಿನ, ಮನೆಗೆ ಹೋದೆ. ಮನೆಯ ಯಜಮಾನ ಜ್ವರದಿಂದ ಎದ್ದು ಎರಡು ದಿನಗಳಾಗಿದ್ದವು. ಮೂವರು ಮಕ್ಕಳು ನನ್ನನ್ನು ಕಂಡು ಒಳಗೆ ಓಡಿದರು. ನಾನು ಕಾರಣ ಕೇಳಿದೆ. ಆ ತಾಯಿ ಬಹಳ ಹೊತ್ತು ಸುಮ್ಮನಿದ್ದು, “ಮೂರು ಚೀಟಿ ಬಂದಿತ್ತು ಫಾದರ್. ಇವರು ಎರಡು ವಾರ ಕೆಲಸಕ್ಕೆ ಹೋಗಿರಲಿಲ್ಲ. ಎಲ್ಲರ ಮುಂದೆ ಮಕ್ಕಳು ಬರಿಗೈಯಲ್ಲಿ ಹೆಂಗೆ ನಿಲ್ಲೋದು?” ಎಂದಳು. ನಡುರಾತ್ರಿಯ ಪೂಜೆಗಾದರೂ ಬರಬಹುದಿತ್ತಲ್ಲಾ ಎಂದದ್ದಕ್ಕೆ, “ರಾತ್ರಿ ಬಂದು ಬೆಳಿಗ್ಗೆ ಬರದಿದ್ದರೆ ಏನಂತ ಕೇಳೋದಿಲ್ವಾ?” ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ. ಕೊಟ್ಟಿಗೆಯಲ್ಲಿ ಹುಟ್ಟಿದ ಬಾಲಯೇಸುವಿನ ದರ್ಶನಕ್ಕೆ ನಾನು ಮೂರು ಸಲ ನೂರೈವತ್ತು ರೂಪಾಯಿಗಳ ಸುಂಕವನ್ನು ಕಟ್ಟಿದ್ದೆ.

ಆ ದಿನ ಹಿಂದಿರುಗಿ ಬಂದು ರಾತ್ರಿಯ ಜಪವನ್ನು ಮಾಡಲು ಕುಳಿತಾಗ, ಗುರುಮಠದಲ್ಲಿ ಓದಿ ಮರೆತಿದ್ದ ಒಂದು ಸಂಗತಿ ನೆನಪಿಗೆ ಬಂತು. ಸಂತ ಲೂಕರ ಶುಭಸಂದೇಶದ ಎರಡನೆಯ ಅಧ್ಯಾಯದಲ್ಲಿ, ಮರಿಯಮ್ಮನವರೂ ಜೋಸೆಫರೂ ಬಾಲಯೇಸುವನ್ನು ಜೆರುಸಲೇಮಿನ ಮಹಾದೇವಾಲಯಕ್ಕೆ ತಂದು ಸಮರ್ಪಿಸಿದ ವೃತ್ತಾಂತವಿದೆ. ಆಗ ಅರ್ಪಿಸಬೇಕಾದ ಕಾಣಿಕೆಯ ಬಗ್ಗೆ ಲೂಕರು ಹೇಳುವುದು ಒಂದು ಜೊತೆ ಬೆಳವಕ್ಕಿ ಅಥವಾ ಎರಡು ಪಾರಿವಾಳದ ಮರಿಗಳು ಎಂದು ಮಾತ್ರ. ಇದರ ಅರ್ಥ ತಿಳಿಯಬೇಕಾದರೆ ಯಾಜಕಕಾಂಡದ ಹನ್ನೆರಡನೆಯ ಅಧ್ಯಾಯಕ್ಕೆ ಹೋಗಬೇಕು. ಗಂಡುಮಗುವನ್ನು ಹೆತ್ತ ತಾಯಿ ನಲವತ್ತು ದಿನಗಳು ತುಂಬಿದ ಮೇಲೆ ಒಂದು ವರ್ಷದ ಕುರಿಮರಿಯನ್ನೂ ಒಂದು ಹಕ್ಕಿಯನ್ನೂ ತರಬೇಕು. ಕುರಿಮರಿಯನ್ನು ತರುವ ಶಕ್ತಿ ಇಲ್ಲದಿದ್ದರೆ ಎರಡು ಹಕ್ಕಿಗಳು ಸಾಕು – ಇದು ಅಲ್ಲಿನ ವಿಧಿ. ಲೂಕರು ಕುರಿಮರಿಯ ಹೆಸರನ್ನೇ ಎತ್ತುವುದಿಲ್ಲ. ಅಂದರೆ ದೇವಮಾತೆ ತಂದದ್ದು ಬಡವರ ಕಾಣಿಕೆ. ವಿಧವೆಯ ಎರಡು ಕಾಸುಗಳ ಬಗ್ಗೆ ನೀವು ನೂರು ಪ್ರಸಂಗಗಳನ್ನು ಕೇಳಿರುತ್ತೀರಿ. ಈ ಎರಡು ಹಕ್ಕಿಗಳ ಬಗ್ಗೆ ಕೇಳಿರುವುದು ಕಡಿಮೆ.

ಆದರೆ ನನ್ನನ್ನು ಚುಚ್ಚಿದ್ದು ಅವರ ಬಡತನವಲ್ಲ, ಆ ವಿಧಿಯ ಸೂಕ್ಷ್ಮತೆ. ಕುರಿಮರಿ ಇಲ್ಲದವಳು ಕಾಣಿಕೆಯಿಲ್ಲದೆ ನಿಲ್ಲಬಾರದು, ಅವಳೂ ಏನನ್ನಾದರೂ ಹಿಡಿದು ತಲೆಯೆತ್ತಿ ಒಳಗೆ ಬರಬೇಕು ಎಂದು ಮೋಶೆಯ ಧರ್ಮಶಾಸ್ತ್ರವೇ ದಾರಿ ಮಾಡಿಟ್ಟಿತ್ತು. ದೈವಶಾಸ್ತ್ರವನ್ನು ವರ್ಷಗಟ್ಟಲೆ ಓದಿದ ನಾನು ನನ್ನ ಚೀಟಿಗಳಲ್ಲಿ ಅಷ್ಟು ದಾರಿಯನ್ನೂ ಬಿಟ್ಟಿರಲಿಲ್ಲ.

ಹಾಗಾದರೆ ಉಡುಗೊರೆ ಎಂದರೇನು? ಬೆಲೆ ಕಡಿಮೆಯಾದ ಮಾತ್ರಕ್ಕೆ ಉಡುಗೊರೆ ಉತ್ತಮವಾಗುವುದೇ? ಇಲ್ಲ. ಅಗ್ಗದ ವಸ್ತುವನ್ನು ಅಸಡ್ಡೆಯಿಂದ ಕೊಡುವುದು ದುಬಾರಿ ವಸ್ತುವನ್ನು ಅಸಡ್ಡೆಯಿಂದ ಕೊಡುವುದಕ್ಕಿಂತ ಯಾವ ರೀತಿಯಲ್ಲೂ ಮೇಲಲ್ಲ. ನನ್ನ ಬಾಳಿನಲ್ಲಿ ನಾನು ಪಡೆದ ಒಂದು ಉಡುಗೊರೆಯ ವಿಷಯ ಹೇಳುತ್ತೇನೆ.

ನಾನು ಬಯಲುಸೀಮೆಯ ಹಳ್ಳಿಯವನು. ಹದಿನೈದನೆಯ ವಯಸ್ಸಿನಲ್ಲಿ, 1975ರಲ್ಲಿ, ಕರಾವಳಿಯ ಒಂದು ಕಿರಿಯ ಗುರುಮಠಕ್ಕೆ ಸೇರಿದೆ. ಅಲ್ಲಿ ಮೂರು ಹೊತ್ತೂ ಕುಚ್ಚಲಕ್ಕಿ. ರಾಗಿಮುದ್ದೆಯನ್ನು ಉಂಡು ಬೆಳೆದ ನನಗೆ ಆ ದಪ್ಪ ಅಗುಳು ಗಂಟಲಲ್ಲಿ ಇಳಿಯುತ್ತಿರಲಿಲ್ಲ. ದೂರು ಹೇಳುವಂತಿರಲಿಲ್ಲ, ಕರೆ ಬಂದವನು ಅನ್ನದ ಬಗ್ಗೆ ಗೊಣಗಬಾರದೆಂದು ಮೊದಲ ವಾರವೇ ಬೋಧಿಸಿದ್ದರು. ತಟ್ಟೆಯ ಅಂಚಿಗೆ ಅನ್ನವನ್ನು ಸರಿಸಿ, ಗಂಜಿನೀರನ್ನು ಕುಡಿದು ಏಳುತ್ತಿದ್ದೆ. ಮನೆಯಿಂದ ದೂರವಾಗಿ ನಾನು ಕಂಡ ಮೊದಲ ಜಯಂತಿ ಅದು. ಬೆಳಗಿನ ಪೂಜೆಯಾದ ಮೇಲೆ ಹಿರಿಯರು ನಮಗೆಲ್ಲ ಒಂದೊಂದು ಫೌಂಟನ್ ಪೆನ್ನನ್ನು ಕೊಟ್ಟರು. ಒಳ್ಳೆಯ ಪೆನ್ನು. ಮಧ್ಯಾಹ್ನ ಊಟದ ಮನೆಗೆ ಹೋಗುವಾಗ ಅಡುಗೆಯ ಅಜ್ಜ ನನ್ನನ್ನು ಹಿಂಬಾಗಿಲಿಗೆ ಕರೆದು, “ಬಾ ಪುತಾ” ಎಂದು ಕೂರಿಸಿ, ಒಂದು ತಟ್ಟೆಯನ್ನು ಮುಂದಿಟ್ಟರು. ಅದರಲ್ಲಿ ಒಂದು ರಾಗಿಮುದ್ದೆ ಇತ್ತು.

ಆ ಮುದ್ದೆ ಗಂಟುಗಂಟಾಗಿತ್ತು. ಅಜ್ಜನ ಜೀವಮಾನದಲ್ಲಿ ಅದೇ ಮೊದಲ ಮುದ್ದೆಯಿರಬೇಕು. ಸಾರಿನಲ್ಲಿ ಕೊಬ್ಬರಿ ಎಣ್ಣೆಯ ವಾಸನೆ ಬೇರೆ. ನನ್ನ ತಾಯಿ ಕಂಡಿದ್ದರೆ ನಗುತ್ತಿದ್ದರು. ಆದರೆ ನಾನು ಅದನ್ನು ಅಳುತ್ತಲೇ ಉಂಡೆ. ಆರು ತಿಂಗಳ ಕಾಲ ನೂರು ಮಂದಿಗೆ ಬಡಿಸುತ್ತಿದ್ದ ಆ ಮನುಷ್ಯ ನನ್ನ ತಟ್ಟೆಯ ಅಂಚನ್ನು ನೋಡಿದ್ದರು. ಈ ಹುಡುಗ ಯಾವ ಸೀಮೆಯವನು, ಅಲ್ಲಿ ಏನು ಉಣ್ಣುತ್ತಾರೆ ಎಂದು ಯಾರನ್ನೋ ವಿಚಾರಿಸಿದ್ದರು. ಒಂದು ಸೇರು ರಾಗಿಹಿಟ್ಟಿಗಾಗಿ ಎಲ್ಲಿ ಅಲೆದಿದ್ದರೋ! ಆ ಪೆನ್ನು ಎಲ್ಲಿ ಹೋಯಿತೋ ನನಗೆ ತಿಳಿಯದು. ಹಿರಿಯರನ್ನು ನಾನು ಹಳಿಯುತ್ತಿಲ್ಲ. ನೂರು ಮಂದಿಗೆ ಕೊಡಬೇಕಾದವರು ನೂರು ಪೆನ್ನುಗಳನ್ನೇ ಕೊಡಬೇಕಾಗುತ್ತದೆ. ಆದರೆ ನಮ್ಮ ಮನೆಗಳಲ್ಲಿ ನೂರು ಮಂದಿ ಇಲ್ಲವಲ್ಲ! ನಾಲ್ಕೈದು ಮಂದಿಯ ತಟ್ಟೆಯ ಅಂಚನ್ನು ನೋಡುವಷ್ಟು ಬಿಡುವು ನಮಗೆ ಇರಲೇಬೇಕು. ಅದಿಲ್ಲದವರು ಅಂಗಡಿಗೆ ಹೋಗಿ, ನೋಡದ ತಪ್ಪಿಗೆ ಬೆಲೆಯನ್ನು ತೆತ್ತು ಬರುತ್ತಾರೆ. ಹೆಚ್ಚು ತೆತ್ತಷ್ಟೂ ಮನಸ್ಸಿಗೆ ಸಮಾಧಾನ.

ಇಲ್ಲಿ ಯಾರಾದರೂ, ‘ಫಾದರ್, ಪೂರ್ವದೇಶದ ಜ್ಞಾನಿಗಳು ತಂದದ್ದು ಚಿನ್ನವಲ್ಲವೇ?’ ಎಂದು ಕೇಳಬಹುದು. ಕೇಳಬೇಕಾದದ್ದೇ. ಚಿನ್ನ, ಧೂಪ, ರಕ್ತಬೋಳ ಮೂರೂ ಬೆಲೆಬಾಳುವವೇ. ಉಳ್ಳವರು ಉದಾರವಾಗಿ ಕೊಡುವುದು ಪಾಪವಲ್ಲ. ಆದರೆ ಆ ಮೂರರಲ್ಲಿಯೂ ಪಡೆಯುವವನು ಯಾರೆಂಬ ಅರಿವು ಇತ್ತು ಎಂದು ಧರ್ಮಸಭೆಯ ಪಿತೃಗಳು ವಿವರಿಸಿದ್ದಾರೆ: ಚಿನ್ನ ಅರಸನಿಗೆ, ಧೂಪ ದೇವರಿಗೆ, ರಕ್ತಬೋಳ ಸಾವನ್ನುಣ್ಣಲಿರುವ ಮಾನವನಿಗೆ. ಇನ್ನು ಕುರಿಗಾಹಿಗಳನ್ನು ನೋಡಿ. ನಮ್ಮ ನಾಟಕಗಳಲ್ಲಿ ಅವರ ಹೆಗಲಿಗೆ ನಾವು ಕುರಿಮರಿಯನ್ನು ಹೊರಿಸುತ್ತೇವೆ. ಸಂತ ಲೂಕರಾದರೋ ಅವರು ಏನನ್ನಾದರೂ ತಂದರೆಂದು ಬರೆದೇ ಇಲ್ಲ. ಅವರು ಆತುರದಿಂದ ಬಂದರು, ಮಗುವನ್ನು ಕಂಡರು, ಕಂಡದ್ದನ್ನು ನಾಲ್ಕು ಮಂದಿಗೆ ಹೇಳಿದರು. ಹಾಗಿದ್ದೂ ಗೋದಲಿಯಲ್ಲಿ ಅವರು ಜ್ಞಾನಿಗಳಿಗಿಂತ ಮುಂಚೆ ಬಂದು ನಿಲ್ಲುತ್ತಾರೆ.

ಘಟ್ಟದ ಕೆಳಗಿನಿಂದ ಬಂದು ನಮ್ಮಲ್ಲಿ ನೆಲೆಸಿದ ಕೊಂಕಣಿ ಮನೆತನಗಳು ತಮ್ಮೊಂದಿಗೆ ತಂದ ಸಂಪ್ರದಾಯವೊಂದನ್ನು ಈಗ ನೆನಪಿಸಬೇಕು: ಕುಸ್ವಾರ್. ಜಯಂತಿಗೆ ಒಂದೆರಡು ವಾರ ಇರುವಾಗಲೇ ಮನೆಯವರೆಲ್ಲ ಸಂಜೆ ಒಟ್ಟಿಗೆ ಕುಳಿತು ಕಿಡ್ಯೊ ಸುತ್ತುತ್ತಿದ್ದರು. ಚಿಕ್ಕ ಮಕ್ಕಳಿಗೂ ಒಂದು ಫೋರ್ಕನ್ನೋ ಬಾಚಣಿಗೆಯನ್ನೋ ಕೊಟ್ಟು ಹಿಟ್ಟನ್ನು ಒತ್ತಲು ಹಚ್ಚುತ್ತಿದ್ದರು. ಕೊಕ್ಕಿಸಾಂ ಮಾಡುವ ಕಬ್ಬಿಣದ ಅಚ್ಚು ಬೀದಿಯಲ್ಲಿ ಒಂದೋ ಎರಡೋ ಇದ್ದು, ಮನೆಯಿಂದ ಮನೆಗೆ ಓಡಾಡುತ್ತಿತ್ತು. ನೆವ್ರಿ, ಗುಳಿಯೊ, ಎಳ್ಳಿನ ಲಾಡು. ಅದನ್ನು ಕಂಡು ಕಲಿತ ಕನ್ನಡದ ಮನೆಗಳಲ್ಲಿ ಚಕ್ಕುಲಿ, ಕಜ್ಜಾಯ, ಕರ್ಜಿಕಾಯಿ. ಇವೆಲ್ಲವನ್ನೂ ತಟ್ಟೆಯಲ್ಲಿ ಜೋಡಿಸಿ, ಕಸೂತಿ ಹಾಕಿದ ಬಟ್ಟೆಯನ್ನು ಮುಚ್ಚಿ, ಮಕ್ಕಳ ಕೈಯಲ್ಲಿ ನೆರೆಮನೆಗಳಿಗೆ ಕಳುಹಿಸುವುದು. ಹಿಂದೂ ಮನೆ, ಮುಸಲ್ಮಾನರ ಮನೆ ಎಂಬ ಭೇದವಿರಲಿಲ್ಲ.

ಆ ತಟ್ಟೆಯ ಗುಣವೇನೆಂದರೆ, ಅದು ಹಿಂದಿರುಗಬೇಕು. ನಮ್ಮ ನಾಡಿನಲ್ಲಿ ಯಾರೂ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸುವುದಿಲ್ಲ. ಮನೆಯಲ್ಲಿ ಬೇರೇನೂ ಇಲ್ಲದಿದ್ದರೆ ಒಂದು ಹಿಡಿ ಸಕ್ಕರೆ. ಅದೂ ಇಲ್ಲದಿದ್ದರೆ ನಾಲ್ಕು ನಿಂಬೆಹಣ್ಣು, ಹಿತ್ತಲ ಹೂವು. ಹತ್ತು ಬಗೆಯ ತಿಂಡಿಗೆ ಒಂದು ಹಿಡಿ ಸಕ್ಕರೆ ಸಮವೇ ಎಂದು ಯಾರೂ ತೂಗಲಿಲ್ಲ. ತಟ್ಟೆ ಬರಿದಾಗಿರಲಿಲ್ಲ, ಅಷ್ಟೇ. ಯುಗಾದಿಗೆ ಅದೇ ಮನೆಯಿಂದ ಒಬ್ಬಟ್ಟು ಬರುತ್ತಿತ್ತು, ಮತ್ತೆ ತಟ್ಟೆಯಲ್ಲಿಯೇ. ಆ ಎರಡು ಹಕ್ಕಿಗಳ ವಿಧಿಯನ್ನು ನಮ್ಮ ಅಜ್ಜಿಯಂದಿರು ಯಾಜಕಕಾಂಡವನ್ನು ಓದದೆಯೇ ಪಾಲಿಸುತ್ತಿದ್ದರೆಂದು ನನಗೆ ತೋರುತ್ತದೆ. ಈಗ ಬೇಕರಿಯ ರಟ್ಟಿನ ಡಬ್ಬಿ ಬಂದಿದೆ. ದುಡಿಯುವ ಹೆಂಗಸರಿಗೆ ಬಿಡುವಿಲ್ಲ, ನಾನು ಬಲ್ಲೆ. ಬೇಕರಿಯವರೂ ನಮ್ಮವರೇ, ಅವರ ತಿಂಡಿಗೆ ನಾನು ಹೆಸರಿಡಲಾರೆ. ಆದರೆ ಡಬ್ಬಿ ಹಿಂದಿರುಗುವುದಿಲ್ಲ. ಪಡೆದ ಮನೆಯವರಿಗೆ ಮರಳಿ ಕೊಡಲು ಅದು ಅವಕಾಶವನ್ನೇ ಕೊಡುವುದಿಲ್ಲ. ಅವರೂ ಒಂದು ಡಬ್ಬಿಯನ್ನು ಕೊಳ್ಳಬೇಕು, ಇಲ್ಲವೇ ಋಣದ ಭಾರದಲ್ಲಿ ಸುಮ್ಮನಿರಬೇಕು. ಕೊಂಡದ್ದಾದರೂ ಸರಿ, ಡಬ್ಬಿಯಿಂದ ತೆಗೆದು ತಟ್ಟೆಯಲ್ಲಿಟ್ಟು ಕಳುಹಿಸಿ ಎಂದು ತಾಯಂದಿರನ್ನು ಕೇಳಿಕೊಳ್ಳುತ್ತೇನೆ.

ಉಡುಗೊರೆಯ ಹೆಸರಿನಲ್ಲಿ ನಾವು ಸ್ಮರಿಸುವ ಸಂತ ನಿಕೋಲಾಸರ ಕಥೆಯಲ್ಲಿಯೂ ಇದೇ ಮರ್ಯಾದೆಯ ಪ್ರಶ್ನೆ ಇದೆ. ಅವರು ನಾಲ್ಕನೆಯ ಶತಮಾನದಲ್ಲಿ, ಈಗ ಟರ್ಕಿ ದೇಶಕ್ಕೆ ಸೇರಿರುವ ಮಿರಾ ಪಟ್ಟಣದ ಧರ್ಮಾಧ್ಯಕ್ಷರಾಗಿದ್ದವರು. ಹಬ್ಬ ಡಿಸೆಂಬರ್ 6. ಬಡತನಕ್ಕಿಳಿದ ಒಬ್ಬ ತಂದೆಯ ಮೂವರು ಹೆಣ್ಣುಮಕ್ಕಳ ಮದುವೆಗಾಗಿ ಅವರು ರಾತ್ರಿಯಲ್ಲಿ ಕಿಟಕಿಯಿಂದ ಹೊನ್ನಿನ ಗಂಟನ್ನು ಎಸೆದು ಹೋದರೆಂದು ಪರಂಪರೆಯ ಕಥೆ. ಹಗಲಿನಲ್ಲಿ ಬಾಗಿಲಿನಿಂದಲೇ ಕೊಡಬಹುದಿತ್ತು. ಆ ತಂದೆ ಬೀದಿಯವರೆದುರಿಗೆ ಕೈಚಾಚಬಾರದೆಂದು ಹಾಗೆ ಮಾಡಿದರು. ಅವರ ಹೆಸರಿನಿಂದಲೇ ಹುಟ್ಟಿದ ಕೆಂಪಂಗಿಯ ಸಾಂಟಾ ಕ್ಲಾಸ್ ಮಾತ್ರ ಇಂದು ಗಂಟೆ ಬಾರಿಸಿಕೊಂಡು, ಧ್ವನಿವರ್ಧಕದಲ್ಲಿ ಹೆಸರು ಕೂಗಿ ಕೊಡುತ್ತಾನೆ. ಕಂಬಳಿ ಹಂಚುವಾಗ ಛಾಯಾಚಿತ್ರ ತೆಗೆಸುವ ನಮ್ಮ ಸಂಘಗಳೂ ಇದನ್ನು ಸ್ವಲ್ಪ ಯೋಚಿಸಬೇಕು.

ಇನ್ನೊಂದು ಮಾತು, ಇದು ಕೆಲವರಿಗೆ ಹಿತವೆನಿಸದು. ಈ ತಿಂಗಳು ಅರೇಬಿಕಾ ಕಾಫಿಯ ಕೊಯ್ಲಿನ ತಿಂಗಳು. ನಮ್ಮ ಸಭೆಯಲ್ಲಿ ತೋಟದ ಮಾಲೀಕರೂ ಇದ್ದೀರಿ, ಹಣ್ಣು ಕೊಯ್ಯುವವರೂ ಇದ್ದೀರಿ. ಮನೆಗೆಲಸಕ್ಕೆ ಜನರನ್ನಿಟ್ಟುಕೊಂಡ ಶಿಕ್ಷಕರೂ ಅಧಿಕಾರಿಗಳೂ ಇದ್ದೀರಿ. ಸಲ್ಲಬೇಕಾದ ಕೂಲಿಯನ್ನು ಹಬ್ಬದವರೆಗೆ ತಡೆದಿಟ್ಟು, ಹಬ್ಬದ ಮುನ್ನಾದಿನ ಒಂದು ಕೇಕಿನೊಂದಿಗೆ ಕೊಟ್ಟರೆ ಅದು ಉಡುಗೊರೆಯಾಗಲಾರದು. ಕೂಲಿ ಕೂಲಿಯೇ, ಅದು ಅವರದು. ತಡೆಹಿಡಿದ ಕೂಲಿ ದೇವರ ಬಳಿ ಮೊರೆಯಿಡುತ್ತದೆಂದು ಸಂತ ಯಕೋಬರ ಪತ್ರ ಎಚ್ಚರಿಸುತ್ತದೆ. ಹಾಗೆಯೇ, ನಾವು ಉಡಲಾರದ ಹಳೆಯ ಸೀರೆಯನ್ನು ಕೊಟ್ಟು ಉಡುಗೊರೆ ಎನ್ನುವುದೂ ಬೇಡ. ಬೇಕಾದರೆ ಹಳೆಯ ಸೀರೆಯೆಂದೇ ಹೇಳಿ ಕೊಡಿ, ಬೇಕಾದವರು ತೆಗೆದುಕೊಳ್ಳುತ್ತಾರೆ. ಮೊದಲು ನ್ಯಾಯ, ಉಡುಗೊರೆ ಅದರ ನಂತರದ ಮಾತು.

ಅಮೆರಿಕದ ಓ. ಹೆನ್ರಿ ಎಂಬ ಲೇಖಕರು 1905ರಲ್ಲಿ ಪ್ರಕಟಿಸಿದ ‘ಜ್ಞಾನಿಗಳ ಉಡುಗೊರೆ’ ಎಂಬ ಕಥೆಯನ್ನು ನಿಮ್ಮಲ್ಲಿ ಅನೇಕರು ಓದಿರಬಹುದು. ಹೆಂಡತಿ ಗಂಡನ ಗಡಿಯಾರಕ್ಕೆ ಸರಪಣಿ ಕೊಳ್ಳಲು ತನ್ನ ಕೂದಲನ್ನು ಮಾರುತ್ತಾಳೆ. ಗಂಡ ಅವಳ ಕೂದಲಿಗೆ ಬಾಚಣಿಗೆಗಳನ್ನು ಕೊಳ್ಳಲು ಗಡಿಯಾರವನ್ನು ಮಾರುತ್ತಾನೆ. ತರುಣನಾಗಿದ್ದಾಗ ಇದನ್ನು ನಾನು ಪ್ರಸಂಗಗಳಲ್ಲಿ ಹಲವು ಸಲ ಬಳಸಿದ್ದೇನೆ. ಈಗ ಬಳಸಲು ಮನಸ್ಸು ಬರುವುದಿಲ್ಲ. ಅವರಿಬ್ಬರ ಪ್ರೀತಿ ದೊಡ್ಡದೇ. ಆದರೆ ಹಬ್ಬಕ್ಕಾಗಿ ಒಡವೆಯನ್ನು ಗಿರವಿಯಿಟ್ಟು, ಮಾರ್ಚ್ ತಿಂಗಳಲ್ಲಿ ಶಾಲೆಯ ಶುಲ್ಕಕ್ಕಾಗಿ ನನ್ನ ಕೋಣೆಯ ಬಾಗಿಲು ತಟ್ಟಿದವರನ್ನು ಕಂಡ ಮೇಲೆ, ಇರುವುದನ್ನು ಮಾರಿ ಕೊಡಿ ಎಂದು ಬಡವರಿಗೆ ಹೇಳುವ ಧೈರ್ಯ ನನಗಿಲ್ಲ.

ಅದರ ಬದಲು, ಕಳೆದ ವರ್ಷ ನಮ್ಮಲ್ಲಿಯೇ ನಡೆದದ್ದನ್ನು ಹೇಳುತ್ತೇನೆ. ಹೆಸರು ಹೇಳುವುದಿಲ್ಲ, ಬಲ್ಲವರು ಬಲ್ಲಿರಿ. ಒಂದು ಮನೆಯಲ್ಲಿ ವಯಸ್ಸಾದ ಅತ್ತೆ ಹಾಸಿಗೆ ಹಿಡಿದಿದ್ದಾರೆ. ನೋಡಿಕೊಳ್ಳುವ ಸೊಸೆ ಆರು ವರ್ಷಗಳಿಂದ ನಡುರಾತ್ರಿಯ ಬಲಿಪೂಜೆಗೆ ಬಂದಿರಲಿಲ್ಲ. ಗಂಡ ಮಕ್ಕಳು ಬರುತ್ತಿದ್ದರು, ಆಕೆ ಮನೆಯಲ್ಲಿ ಉಳಿಯುತ್ತಿದ್ದಳು. ಪ್ರತಿ ತಿಂಗಳ ಮೊದಲ ಶುಕ್ರವಾರ ಆ ಹಿರಿಯರಿಗೆ ಪರಮಪ್ರಸಾದವನ್ನು ಕೊಂಡೊಯ್ಯುವ ನಾನೂ ಅದನ್ನು ಗಮನಿಸಿರಲಿಲ್ಲ. ಗಮನಿಸಿದವಳು ಪಕ್ಕದ ಮನೆಯ ಹುಡುಗಿ, ನರ್ಸಿಂಗ್ ಓದುತ್ತಿದ್ದು ರಜೆಗೆ ಬಂದವಳು. 2024ರ ಡಿಸೆಂಬರ್ 24ರ ರಾತ್ರಿ ಹತ್ತು ಗಂಟೆಗೆ ಹೋಗಿ, “ಅಕ್ಕಾ, ಅಜ್ಜಿ ಹತ್ತಿರ ನಾನಿರ್ತೀನಿ, ನೀವು ಪೂಜೆಗೆ ಹೋಗಿ ಬನ್ನಿ” ಎಂದಳಂತೆ. ಆ ತಾಯಿ ಮದುವೆಯ ಸೀರೆಯನ್ನುಟ್ಟು ಬಂದು, ಮೂರನೆಯ ಸಾಲಿನ ಕಂಬದ ಪಕ್ಕದಲ್ಲಿ ಕುಳಿತಿದ್ದಳು. ಪ್ರಸಾದ ಕೊಡುವಾಗ ನಾನು ಒಂದು ಕ್ಷಣ ತಡೆದು ನಿಂತೆ. ಮರುದಿನ ಆ ಹುಡುಗಿ ಬಂದು, ‘ನಡುರಾತ್ರಿಯ ಪೂಜೆ ತಪ್ಪಿತು ಫಾದರ್, ಪಾಪವೇ?’ ಎಂದು ಕೇಳಿದಳು. ಹತ್ತು ಗಂಟೆಯ ಪೂಜೆಗೆ ಇನ್ನೂ ಕಾಲು ಗಂಟೆ ಇದೆ, ಹೋಗಿ ಕುಳಿತುಕೋ ಎಂದೆ.

ಇದಕ್ಕೆ ಒಂದು ರೂಪಾಯಿಯೂ ಖರ್ಚಾಗಲಿಲ್ಲ. ಇಂಥವು ಎಷ್ಟಿಲ್ಲ! ಕಣ್ಣು ಮಂಜಾದ ಅಜ್ಜನಿಗೆ ವಾರಕ್ಕೆರಡು ಸಂಜೆ ಪತ್ರಿಕೆಯನ್ನು ಓದಿ ಹೇಳುವ ಹುಡುಗ, ಕೊಲ್ಲಿ ದೇಶದಲ್ಲಿರುವ ಮಗನಿಗೆ ತಾಯಿಯ ಅಡುಗೆಯ ಅಳತೆಗಳನ್ನು ಕೈಯಿಂದ ಬರೆದು ಕಳುಹಿಸುವ ತಂಗಿ, ನೆರೆಯವರು ಮೆಚ್ಚಿದ ಗುಲಾಬಿಯ ಕಡ್ಡಿಯನ್ನು ಜೂನ್ ತಿಂಗಳಲ್ಲಿಯೇ ನೆಟ್ಟು ಡಿಸೆಂಬರಿಗೆ ಕುಂಡ ಸಹಿತ ಕೊಡುವ ಮನೆಯಾಕೆ. ಪಟ್ಟಿಯನ್ನು ನಾನು ಬೆಳೆಸಲಾರೆ. ನಿಮ್ಮ ಮನೆಯವರ ತಟ್ಟೆಯ ಅಂಚು ನಿಮಗೆ ಗೊತ್ತು, ನನಗಲ್ಲ.

ಈ ವರ್ಷವೂ ಚೀಟಿ ಎತ್ತಬೇಕೆಂದು ಮಕ್ಕಳು ಹಟ ಹಿಡಿದಿದ್ದಾರೆ. ಆಗಲಿ ಎಂದಿದ್ದೇನೆ. ಆದರೆ ಮೊತ್ತವಿಲ್ಲ. ಅಂಗಡಿಯದು ಬೇಡವೆಂದು ನಿಯಮ ಮಾಡೋಣವೆಂದು ಒಬ್ಬ ಉಪದೇಶಕಿ ಸೂಚಿಸಿದರು. ಅದನ್ನೂ ನಾನು ಒಪ್ಪಲಿಲ್ಲ. ಕೈಕೆಲಸ ಬಾರದ ಮಗುವಿಗೆ ಅದೂ ಒಂದು ಸುಂಕವಾದೀತು. ನಿಯಮ ಮಾಡಿ ನಾನು ಒಮ್ಮೆ ಕೆಟ್ಟಿದ್ದೇನೆ. ಒಂದೇ ಷರತ್ತು: ಚೀಟಿಯಲ್ಲಿ ಬಂದ ಹೆಸರಿನವರ ಮನೆಗೆ ಜಯಂತಿಗೆ ಮುಂಚೆ ಒಮ್ಮೆ ಹೋಗಿ ಬರಬೇಕು. ಕೊಡುವುದು ಸಭಾಂಗಣದಲ್ಲಲ್ಲ, ಮನೆಯಲ್ಲಿ. ಆ ಮೂವರು ಮಕ್ಕಳೂ ಇಂದು ಬೆಳಿಗ್ಗೆ ಚೀಟಿ ಎತ್ತಿದ್ದಾರೆ. ಚಿಕ್ಕವನಿಗೆ ನನ್ನ ಹೆಸರು ಬಂದಿದೆಯಂತೆ. ಗುಟ್ಟನ್ನು ಅವನೇ ನನಗೆ ಹೇಳಿಬಿಟ್ಟ.

ಕೊನೆಯದಾಗಿ ಗೋದಲಿಯ ವಿಷಯ. 1223ರಲ್ಲಿ ಅಸ್ಸಿಸಿಯ ಸಂತ ಫ್ರಾನ್ಸಿಸರು ಇಟಲಿಯ ಗ್ರೆಚ್ಚೊ ಎಂಬ ಊರಿನಲ್ಲಿ ಜಯಂತಿಯ ರಾತ್ರಿಯನ್ನು ಆಚರಿಸಲು ಹದಿನೈದು ದಿನ ಮುಂಚಿತವಾಗಿ ಅಲ್ಲಿನ ಒಬ್ಬ ಗೆಳೆಯನಿಗೆ ಹೇಳಿಕಳುಹಿಸಿದರಂತೆ. ಅವರು ಬೇಡಿದ್ದು ಒಂದು ಮೇವಿನ ತೊಟ್ಟಿ, ಒಣಹುಲ್ಲು, ಒಂದು ಎತ್ತು, ಒಂದು ಕತ್ತೆ. ನಮ್ಮ ಯುವಕರು ಶತಮಾನೋತ್ಸವದ ವರ್ಷವೆಂದು ಈ ಸಲ ನಗರದಿಂದ ಪ್ಲಾಸ್ಟಿಕ್ಕಿನ ಹುಲ್ಲನ್ನು ತರಿಸುವ ಯೋಜನೆ ಹಾಕಿದ್ದರು. ನಾನು ತಡೆದಿದ್ದೇನೆ, ಅವರಿಗೆ ಸ್ವಲ್ಪ ಮುನಿಸೂ ಇದೆ. ಗದ್ದೆಗಳಲ್ಲಿ ಕೊಯ್ಲು ನಡೆದಿದೆ. 20ನೆಯ ತಾರೀಖು ಶನಿವಾರ ಸಂಜೆಯ ಪೂಜೆಯಾದ ಮೇಲೆ ಗೋದಲಿ ಕಟ್ಟಲು ಆರಂಭಿಸುತ್ತೇವೆ. ಭತ್ತ ಬೆಳೆದವರು ಮನೆಗೊಂದು ಹಿಡಿಯಷ್ಟು ಹುಲ್ಲನ್ನು ತನ್ನಿ. ಗದ್ದೆ ಇಲ್ಲದವರು ನೆರೆಯವರನ್ನು ಕೇಳಿ ತನ್ನಿ. ಹೊರೆ ಬೇಡ, ಇಡಲು ಜಾಗವಿಲ್ಲ.